ಹೊರಸಿನ ಕೆಳಗಿನ ನೆಲ

ಹಲಗೇರಿಯ ಆ ಓಣಿಯಲ್ಲಿ ಮುಂಜಾನೆ ಬಾಗಿಲು ತೆರೆಯುವ ಸದ್ದಿನ ಮೇಲೇ ಯಾವ ಮನೆಯವರು ಎದ್ದರು ಎಂದು ಹೇಳಬಹುದಿತ್ತು. ಒಂದು ಬಾಗಿಲು ಕಿರ್ರೆನ್ನುತ್ತಿತ್ತು, ಇನ್ನೊಂದು ನರಳುತ್ತಿತ್ತು, ಗೌಂಡಿ ಗುಡದಪ್ಪನ ಮನೆಯ ಬಾಗಿಲಂತೂ ಎರಡು ಸಲ ಒದೆ ತಿಂದ ಮೇಲೆಯೇ ಬಾಯಿ ಬಿಡುತ್ತಿತ್ತು. ಸದ್ದಿಲ್ಲದೆ ತೆರೆಯುವ ಬಾಗಿಲು ಒಂದೇ ಒಂದು. ಅದು ಬುಡನಸಾಬನದು.

"ಬಾಗಿಲಾ ಮೂಕ ಮಾಡಿಟ್ಟೀದಿ. ಕಳ್ಳ ಬಂದ್ರ ಹೆಂಗ ಗೊತ್ತಾಗಬೇಕೋ?" ಎಂದು ಗುಡದಪ್ಪ ಕೇಳುತ್ತಿದ್ದ.

"ಬರವಲ್ಲನ್ಯಾಕ? ಹಿತ್ತಲ ಗ್ವಾಡಿಗೆ ಮಣ್ಣ ಕಲಸೂದೈತಿ. ಒಂದ ತಾಸ ದುಡಿಸ್ಕೊಂಡ ಕಳಸ್ತೇನಿ" ಎಂದು ಬುಡನಸಾಬ ಅನ್ನುತ್ತಿದ್ದ.

ಬುಡನಸಾಬ ರಾಣೇಬೆನ್ನೂರಿನ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್. ಮುಂಜಾನೆಯ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸು. ಆರು ದಿನ ಗಿರಣಿಯ ಯಂತ್ರದ ಜೊತೆ ಕಳೆದವನು ರವಿವಾರ ಬಂತೆಂದರೆ ಮನೆಯ ಜೊತೆ ಕೂಡುತ್ತಿದ್ದ. ಅಜ್ಜ ಕಟ್ಟಿಸಿದ ಮಾಳಿಗೆ ಮನೆ ಅದು. ಮಣ್ಣಿನ ಗೋಡೆ, ಬೇವಿನ ತೊಲೆ, ಮೇಲೆ ಮೊಣಕಾಲುದ್ದ ಮಣ್ಣು. ಮುಂಗಾರಿಗೆ ಮೊದಲು ಹಳ್ಳದಿಂದ ಸವುಳು ಮಣ್ಣು ತಂದು ಮಾಳಿಗೆಯ ಮೇಲೆ ಹರವದಿದ್ದರೆ ಮನೆಯೊಳಗೆ ಗಡಿಗೆ ಇಟ್ಟು ಕೂಡಬೇಕು. ಆ ಕೆಲಸಕ್ಕೂ ಅವನು ಯಾರನ್ನೂ ಕರೆಯುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಮನೆಯ ಹೊಸ್ತಿಲನ್ನು ಒಬ್ಬ ಗೌಂಡಿಯೂ ಥಾಪಿ ಹಿಡಿದು ದಾಟಿಲ್ಲ, ಒಬ್ಬ ಬಡಿಗನೂ ಉಳಿ ಹಿಡಿದು ದಾಟಿಲ್ಲ. ಗುಡದಪ್ಪ ಪಕ್ಕದ ಮನೆಯವನೇ ಆದರೂ ಚಹಾ ಕುಡಿಯಲು ಮಾತ್ರ ಬರುತ್ತಿದ್ದ.

ಮಾಳಿಗೆ ಮನೆಗೆ ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ಮಳೆ ಬಂದರೆ ಯಾರಾದರೂ ತೊಯ್ಸಿಕೊಳ್ಳುತ್ತ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕು. ಬುಡನಸಾಬ ಎಣ್ಣೆಯ ಡಬ್ಬಿಯ ತಗಡು ಬಡಿದು ಮುಚ್ಚಳ ಮಾಡಿದ, ಹಳೆಯ ಸೈಕಲ್ಲಿನ ಚೈನು ಹಚ್ಚಿ ಕೆಳಕ್ಕೆ ಇಳಿಬಿಟ್ಟ. ಎಳೆದರೆ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಓಣಿಯ ಹೆಂಗಸರೆಲ್ಲ ಬಂದು ಒಂದೊಂದು ಸಲ ಎಳೆದು ನೋಡಿ ಹೋದರು. ಹಾವೇರಿಯಲ್ಲಿ, ಅದು ಇನ್ನೂ ಜಿಲ್ಲೆಯಾಗದ ಕಾಲ, ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾರೆಂದು ಕೇಳಿ ಹೋಗಿ ಸಾಗವಾನಿಯ ಕಿಟಕಿ ಚೌಕಟ್ಟು ತಂದ. ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್, "ಸಾಹೇಬ್ರ, ಮನೀನೂ ತರ್ತೀರೇನ ಮುಂದಿನ ಟ್ರಿಪ್ಪಿಗೆ?" ಎಂದಿದ್ದನಂತೆ.

ಎಲ್ಲ ಕೆಲಸವೂ ಚೆನ್ನಾಗಿ ಆಯಿತೆಂದಲ್ಲ. ಒಂದು ವರ್ಷ ಅಡಿಗೆಮನೆಯ ಮಣ್ಣಿನ ಗೋಡೆಗೆ ಸಿಮೆಂಟು ಬಳಿದ. ಮೂರು ತಿಂಗಳು ನುಣುಪಾಗಿ ನಿಂತಿತು. ನಾಲ್ಕನೆಯ ತಿಂಗಳು ಗೋಡೆ ಒಳಗೇ ಬೆವೆತು, ಸಿಮೆಂಟು ಕರಿದ ಹಪ್ಪಳದಂತೆ ಉಬ್ಬಿ ಒಂದು ದಿನ ಸಾರಿನ ಗಡಿಗೆಯೊಳಗೇ ಬಿತ್ತು. ಹೆಂಡತಿ ಕುಲ್ಸುಮಬಿ ಆ ಸಾರನ್ನು ಸೋಸಿ, "ತಗೋರಿ, ನಿಮ್ಮ ಕೈ ರುಚಿ" ಎಂದು ಅವನ ತಾಟಿಗೇ ಬಡಿಸಿದಳು. ಬುಡನಸಾಬ ನಗುತ್ತ ಉಂಡ. ಮರು ರವಿವಾರ ಸಿಮೆಂಟೆಲ್ಲ ಕೆತ್ತಿ ತೆಗೆದು ಮಣ್ಣು ಸಗಣಿಗೇ ಮರಳಿದ. ಸೋತದ್ದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಯಾಕೆ ಸೋತಿತು ಎಂದು ತಿಳಿಯುವವರೆಗೆ ಮಾತ್ರ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಅಂಥವನಿಗೆ ತಿಳಿಯದೆ ಉಳಿದದ್ದು ಒಂದೇ. ಪಡಸಾಲೆಯ ಮೂಲೆಯಲ್ಲಿ, ತಾಯಿ ಬಿಬಿಜಾನ್ ತಾನು ಮಲಗುವ ಹಗ್ಗದ ಹೊರಸು ಹಾಕಿಕೊಂಡಿದ್ದ ಜಾಗದಲ್ಲಿ, ನೆಲ ಪ್ರತಿ ಮಳೆಗಾಲಕ್ಕೂ ಕುಸಿಯುತ್ತಿತ್ತು. ಹಿಟ್ಟು ನಾದುವ ಪರಾತದಷ್ಟು ಅಗಲ, ನಾಲ್ಕು ಬೆರಳು ಆಳ. ಗರಸು ತುಂಬಿ ಧಮ್ಮಸಿನಿಂದ ಬಡಿದ, ಮತ್ತೆ ಕುಸಿಯಿತು. ಹೆಗ್ಗಣದ ಕೆಲಸವೆಂದು ಗಾಜಿನ ಚೂರು ಹಾಕಿದ. ನೀರು ಇಂಗುತ್ತದೆಂದು ಹೊರಗೆ ಕಟ್ಟೆ ಕಟ್ಟಿದ. ಆದರೂ ಹೊರಸಿನ ಒಂದು ಕಾಲು ಪ್ರತಿ ಶ್ರಾವಣದಲ್ಲಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಬಿಬಿಜಾನ್ ಒಂದು ಕಲ್ಲು ಕೊಟ್ಟು ಮಲಗುತ್ತಿದ್ದಳು.

"ಅಮ್ಮಾ, ಆ ಕಡೆ ಬೆಳಕಿಂಡಿ ಕೆಳಗ ಹೊರಸ ಹಾಕ್ತೇನಿ. ಗಾಳಿ ಬರತೈತಿ, ಕೌದಿ ಹೊಲಿಯಾಕ ಬೆಳಕೂ ಆಗತೈತಿ."

"ನನಗ ಇಲ್ಲೇ ನಿದ್ದಿ ಬರೂದು."

"ನೆಲಾ ಕುಸಿಯಾಕತ್ತೈತಿ ಬೇ."

"ಕುಸೀಲಿ. ನಿನ್ನ ತಲೀ ಮ್ಯಾಲೇನ ಬೀಳೂದಿಲ್ಲಲ್ಲ. ಬಿಡು."

ಆ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಬಿಬಿಜಾನಳಿಗೆ ಸಿಟ್ಟು ಬಂದರೆ ಮಾತ್ರ ಪೂರಾ ಕನ್ನಡ. ಹೊರಸಿನ ಸುದ್ದಿ ಬಂದಾಗಲೆಲ್ಲ ಅವಳು ಪೂರಾ ಕನ್ನಡವೇ ಆಡುತ್ತಿದ್ದಳು. ಹಟವೆಂದು ಮನೆಯವರು ತಿಳಿದಿದ್ದರು. ಮೊಮ್ಮಗಳು ಸೈದಾಬಿ ಅಲ್ಲಿ ಚಾಪೆ ಹಾಸಿದರೆ ಎಬ್ಬಿಸುತ್ತಿದ್ದಳು, ಕುಲ್ಸುಮಬಿ ಅಲ್ಲಿ ಜೋಳದ ಚೀಲ ಇಟ್ಟರೆ ಎತ್ತಿಸುತ್ತಿದ್ದಳು.

ಹಟ ಅಲ್ಲ ಅದು. ಮಂದಿಗೆ ಗೊತ್ತಿಲ್ಲದ ಒಂದು ಮಾತು ಬಿಬಿಜಾನಳಿಗೆ ಗೊತ್ತಿತ್ತು. ಆ ಮೂಲೆ ಮೊದಲು ಪಡಸಾಲೆಯೇ ಆಗಿರಲಿಲ್ಲ, ಅಂಗಳವಾಗಿತ್ತು. ಅಂಗಳದಲ್ಲಿ ಜೋಳ ತುಂಬುವ ಹಗೇವು ಇತ್ತು. ನೆಲದೊಳಗೆ ತೋಡಿದ, ಒಬ್ಬ ಮನುಷ್ಯ ನುಸುಳುವಷ್ಟು ಬಾಯಿಯ, ದೊಡ್ಡ ಹೊಟ್ಟೆಯ ಗುಂಡಿ. ಆಗ ಊರ ತುಂಬ ಇದ್ದವು. ಬುಡನಸಾಬ ಒಂದು ವರ್ಷದ ಕೂಸಿದ್ದಾಗ ಅವನ ಚಾಚಾ, ಇಪ್ಪತ್ತರ ಪ್ರಾಯದ ಮಹಮ್ಮದ್ ಹನೀಫ್, ಜೋಳ ತೆಗೆಯಲು ಆ ಹಗೇವಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಹಗೇವು ಮುಚ್ಚಿಸಿದೆವು, ಮಣ್ಣು ತುಂಬಿಸಿದೆವು ಎಂದು ಊರಿಗೆ ಹೇಳಿದರು. ತುಂಬಿಸಿರಲಿಲ್ಲ. ಹನೀಫನ ತಾಯಿಗೆ ಆ ಬಾಯಿಯನ್ನು ಇನ್ನೊಮ್ಮೆ ತೆರೆದು ನೋಡುವ ಧೈರ್ಯವಿರಲಿಲ್ಲ. ಕಲ್ಲು ಮುಚ್ಚಿ, ಮೇಲೆ ಮಣ್ಣು ಬಳಿಸಿ, ಹಿರಿಯ ಮಗ, ಬಿಬಿಜಾನಳ ಗಂಡ ಮಲ್ಲಿಕಸಾಬನಿಗೆ ಹೇಳಿ ಪಡಸಾಲೆಯ ಗೋಡೆಯನ್ನೇ ಮುಂದಕ್ಕೆ ತಂದು ಅದನ್ನು ಮನೆಯೊಳಗೆ ಸೇರಿಸಿಕೊಂಡಳು. ಈ ಮಾತು ಯಾರ ಬಾಯಲ್ಲೂ ಬರಬಾರದೆಂದು ಮಗ ಸೊಸೆಯಿಂದ ಆಣೆ ಮಾಡಿಸಿದಳು. ಅವಳೂ ಹೋದಳು, ಮಲ್ಲಿಕಸಾಬನೂ ಹೋದ. ಉಳಿದವಳು ಬಿಬಿಜಾನ್. ಕೆಳಗೆ ನೆಲ ಪೊಳ್ಳು ಎಂದು ಬಲ್ಲವಳು ತನ್ನ ಹೊರಸನ್ನು ಅದರ ಮೇಲೆ ಹಾಕಿಕೊಂಡಳು. ಬಿದ್ದರೆ ತಾನೇ ಬೀಳಲಿ, ಬೇರೆಯವರು ಅಲ್ಲಿ ಕಾಲಿಡದಿರಲಿ ಎಂದು.

೧೯೮೯ರಲ್ಲಿ ಬುಡನಸಾಬ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿದ. ಹೊರಸಿನ ಕೆಳಗೂ ಹಾಸಿದ. ಅದಕ್ಕೆ ತಾಯಿಯ ಜೊತೆ ಎರಡು ದಿನ ಜಗಳವಾಡಿದ್ದ. ಹೊರಸನ್ನು ಒಂದು ತಾಸು ಸರಿಸಿ, ಕಲ್ಲು ಕೂಡಿಸಿ, ಮತ್ತೆ ಅಲ್ಲೇ ಇಡುವುದೆಂದು ರಾಜಿಯಾಗಿತ್ತು. ಆ ಒಂದು ತಾಸೂ ಬಿಬಿಜಾನ್ ಅಲ್ಲೇ ನಿಂತು, "ಹಾರಿ ಹಾಕಿ ಅಗೀಬ್ಯಾಡ, ಮ್ಯಾಲಮ್ಯಾಲೆ ಕೂಡಸು" ಎನ್ನುತ್ತಿದ್ದಳು. ಎರಡು ಹದ ಮಳೆಯಾದ ಮೇಲೆ ಮೂಲೆಯ ಕಲ್ಲು ನಡುವೆ ಸೀಳಿತು. ಗುಡದಪ್ಪ ಬಂದು ಬಗ್ಗಿ ನೋಡಿ, ಬಾಯಿ ಚಪ್ಪರಿಸಿದ.

"ಇಪ್ಪತ್ತ ವರ್ಷ ಗೌಂಡಿಗೆ ಕೆಲಸಾ ಕೊಡಲಾರದ ಮನಿ. ನೆಲಕ್ಕೂ ಸಿಟ್ಟ ಬಂದೈತಿ ನೋಡು."

"ನಿನ್ನ ಕರದಿದ್ರ ಗ್ವಾಡೀನೂ ಕುಸೀತಿತ್ತು" ಎಂದ ಬುಡನಸಾಬ. ಆದರೆ ಅಂದು ಅವನಿಗೆ ನಗು ಬರಲಿಲ್ಲ.

ಸೀಗಿ ಹುಣ್ಣಿವೆಯ ಆಚೀಚೆ ಬಿಬಿಜಾನ್ ತವರುಮನೆಗೆ, ಬ್ಯಾಡಗಿಗೆ ಹೋದಳು. ಅಣ್ಣನಿಗೆ ಮೈಯಲ್ಲಿ ಆರಾಮಿರಲಿಲ್ಲ. ಶನಿವಾರ ಹೋದವಳು ಸೋಮವಾರ ಬರುವವಳಿದ್ದಳು. ಹೋಗುವಾಗ ಸೊಸೆಯ ಕೈ ಹಿಡಿದು, "ಹೊರಸ ಸರಸಾಕ ಬಿಡಬ್ಯಾಡ ಅವಗ" ಎಂದಿದ್ದಳು. ಕುಲ್ಸುಮಬಿ ಹೂಂ ಅಂದಿದ್ದಳು. ಆದರೆ ರವಿವಾರ ಮುಂಜಾನೆ ಗಂಡ ಹೊರಸನ್ನು ಎತ್ತಿ ಹೊರಗೆ ಇಟ್ಟಾಗ ಅವಳ ಮಾತು ಎಲ್ಲಿ ನಡೆಯಬೇಕು?

"ಅತ್ತಿ ಬಂದ ಕೇಳಿದ್ರ ನಾ ಏನ ಹೇಳ್ಲಿ?"

"ಅಮ್ಮಾ ಬರೂದ್ರಾಗ ಹೊಸಾ ಕಲ್ಲ ಕೂಡಿಸಿ ಹೊರಸ ಮೊದಲಿನ ಜಾಗಾದಾಗ ಇಟ್ಟಿರತೇನಿ. ನೀ ಚಹಾ ಮಾಡು."

ಸೀಳಿದ ಕಲ್ಲು ಎಬ್ಬಿಸಿದ. ಗರಸು ತೋಡಿದ. ಗಾಜಿನ ಚೂರು ಬಂದವು, ತಾನೇ ಹಾಕಿದ್ದು. ಇನ್ನೊಂದು ಮೊಳ ತೋಡಿ ಕಬ್ಬಿಣದ ಹಾರೆ ಹಾಕಿದ. ಧಬ್ ಎಂದಿತು. ಬುಡನಸಾಬ ಹಾರೆಯನ್ನು ಹಾಗೇ ಹಿಡಿದು ನಿಂತ. ಫಿಟ್ಟರನ ಕಿವಿ ಅದು, ತುಂಬಿದ ಲೋಹಕ್ಕೂ ಪೊಳ್ಳು ಲೋಹಕ್ಕೂ ಇರುವ ಸದ್ದಿನ ಭೇದ ಬಲ್ಲದ್ದು. ಇನ್ನೊಮ್ಮೆ ಕುಟ್ಟಿದ. ಧಬ್.

"ಗುಡದಪ್ಪಾ! ಲಗೂ ಬಾರೋ!"

ಗುಡದಪ್ಪ ಬಂದ. ಇಬ್ಬರೂ ಸೇರಿ ಮಣ್ಣು ಸರಿಸಿದರೆ ಮುಚ್ಚುಗಲ್ಲು ಕಂಡಿತು. ಒಂದು ಕಡೆ ವಾಲಿತ್ತು. ಅದರ ಬದಿಯ ಮಣ್ಣು ವರ್ಷ ವರ್ಷ ಒಳಕ್ಕೆ ಇಳಿದು ಸಂದಿ ಬಿಟ್ಟಿತ್ತು.

"ಇದ ನೋಡೋ ನನ್ನ ಹೆಗ್ಗಣ" ಎಂದು ಬುಡನಸಾಬ ಕುಣಿಯುವುದೊಂದು ಬಾಕಿ. "ಹಗೇವು! ನಮ್ಮ ಅಪ್ಪಾ ತುಂಬಿಸೇವಿ ಅಂತಿದ್ದ. ತುಂಬಿಸೇ ಇಲ್ಲ."

"ನಿಮ್ಮ ಚಾಚಾ ತೀರಿಕೊಂಡಿದ್ದು ಇದ ಏನೋ?" ಗುಡದಪ್ಪನ ದನಿ ಇಳಿಯಿತು. "ನಮ್ಮ ಮುತ್ತ್ಯಾ ಹೇಳತಿದ್ದ. ಹನೀಫ ಅಂತ, ಭಾಳ ದುಡುಕಿನ ಹುಡುಗ, ದೀಪಾ ಇಲ್ಲದ ಇಳದ ಅಂತ."

"ಹೌದು, ಪಾಪ. ಕತ್ತಲದಾಗ ಇಳದಾನ, ಬಿದ್ದಾನ." ಎಂದ ಬುಡನಸಾಬ. ಆಮೇಲೆ ಅವನೊಳಗಿನ ಕೆಲಸಗಾರ ಎದ್ದ. "ಕೇಳಿಲ್ಲಿ. ಇದಕ್ಕ ಒಳಗ ಸಿಮೆಂಟ ಗಿಲಾವ ಮಾಡಿದ್ರ ನೀರಿನ ಟಾಕಿ ಆಗತೈತಿ. ನಳಾ ದಿನಾ ಬಿಟ್ಟ ದಿನಾ ಬರತೈತಿ, ಹೆಂಗಸ್ರು ಕೊಡಾ ಹೊತ್ತ ಸಾಯಾಕತ್ತಾರ. ಮ್ಯಾಲ ಒಂದ ಕೈಪಂಪ ಹಚ್ಚಿದ್ನೆಂದ್ರ ಅಡಿಗಿಮನ್ಯಾಗ ನಿಂತ ನೀರ ಹೊಡಕೋಬಹುದು."

ಮಧ್ಯಾಹ್ನದ ಹೊತ್ತಿಗೆ ಹಾರೆ ಕೊಟ್ಟು ಕಲ್ಲನ್ನು ಪಕ್ಕಕ್ಕೆ ಹೊರಳಿಸಿದರು. ಒಳಗಿಂದ ಹಳೆಯ ಚೀಲದ ವಾಸನೆ ಬಂತು. ಬುಡನಸಾಬ ಗಿರಣಿಯಿಂದ ತಂದಿದ್ದ ಮೂರು ಸೆಲ್ಲಿನ ಬ್ಯಾಟರಿ ಹಾಕಿ ನೋಡಿದ. ಬೆಳಕು ನೆಟ್ಟಗೆ ತಳಕ್ಕೆ ಹೋಯಿತು. ಎರಡಾಳು ಆಳ. ಗೋಡೆ ಗಟ್ಟಿಯಾಗಿತ್ತು. ತಳದಲ್ಲಿ ಕರ್ರಗೆ ಏನೋ ರಾಶಿ.

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದಾಗ ಗುಡದಪ್ಪ ತಡೆದ. "ಮುತ್ತ್ಯಾ ಕಂದೀಲ ಇಳಿಸಿ ನೋಡತಿದ್ದನಪಾ. ಒಂದ ಕಂದೀಲ ತಗಸು."

"ಬ್ಯಾಟರಿ ಐತೆಲ್ಲೋ. ತಳಾನ ಕಾಣಾಕತ್ತೈತಿ. ಇಷ್ಟ ಬೆಳಕಿರಾಕ ಕಂದೀಲ ಯಾಕ?"

ಸದ್ದಿಲ್ಲದೆ ತೆರೆಯುವ ಆ ಬಾಗಿಲು ಅಷ್ಟರಲ್ಲಿ ತೆರೆದಿತ್ತು. ಬಿಬಿಜಾನ್ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ತವರಿನಲ್ಲಿ ರಾತ್ರಿ ನಿದ್ದೆ ಹತ್ತಿರಲಿಲ್ಲ, ಒಂದು ದಿನ ಮೊದಲೇ ಬಸ್ಸು ಹತ್ತಿದ್ದಳು. ಹೊರಗೆ ಬಿಸಿಲಿನಲ್ಲಿ ಇಟ್ಟ ಹೊರಸನ್ನು ನೋಡಿಯೇ ಒಳಗೆ ಬಂದಿದ್ದಳು. ಮಗ ಆಗಷ್ಟೇ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು.

ಚೀರಲಿಲ್ಲ. ಗಂಟನ್ನು ಹೊಸ್ತಿಲ ಮೇಲೇ ಬಿಟ್ಟು ನೆಟ್ಟಗೆ ಬಂದು ಹಗೇವಿನ ಬಾಯಿಗೆ ಅಡ್ಡ ಕುಳಿತಳು. ಎರಡೂ ಕಾಲು ಚಾಚಿ, ಆ ಕಡೆಯ ಅಂಚಿಗೆ ಹಿಮ್ಮಡಿ ಊರಿ.

"ಅಮ್ಮಾ! ಏಳಬೇ. ಒಳಗ ಬಿದ್ದಿ!"

"ಕುಲ್ಸುಮಾ, ಕಂದೀಲ ತಾ."

"ಕಂದೀಲಿನ್ಯಾಗ ಎಣ್ಣಿ ಇಲ್ರಿ ಅತ್ತಿ" ಎಂದಳು ಕುಲ್ಸುಮಬಿ, ಹೆದರಿಕೆಯಿಂದ. "ರೇಶನ್ನಿನ ಚಿಮಣಿ ಎಣ್ಣಿ ಇನ್ನೂ ಬಂದಿಲ್ಲ. ಕರೆಂಟ ಐತೆಂತ…"

"ಇಲ್ಲದಿದ್ರ ಮಂದೀ ಮನೀಗೆ ಹೋಗಿ ಇಸಗೊಂಡ ಬಾ. ಅದರಾಗ ನಾಚಿಕಿ ಏನೈತಿ? ಹೋಗು. ಓಡಿ ಹೋಗು!"

ಅತ್ತೆ ಆ ದನಿಯಲ್ಲಿ ಕೂಗಿದ್ದನ್ನು ಕುಲ್ಸುಮಬಿ ಹದಿನೇಳು ವರ್ಷದಲ್ಲಿ ಕೇಳಿರಲಿಲ್ಲ. ಗುಡದಪ್ಪನ ಹೆಂಡತಿ ಕರಿಯವ್ವ ಅರ್ಧ ಬಾಟಲಿ ಎಣ್ಣೆ ಕೊಟ್ಟಳು. ಕಂದೀಲು ಹೊತ್ತಿತು. ಬಿಬಿಜಾನ್ ತಾನೇ ಅದರ ಹಿಡಿಕೆಗೆ ಹಗ್ಗ ಬಿಗಿದು, ಕಾಲು ಸರಿಸಿ, ಕೆಳಕ್ಕೆ ಬಿಡತೊಡಗಿದಳು.

ಒಂದು ಮೊಳ. ಎರಡು ಮೊಳ. ಬೆಂಕಿ ಚೆನ್ನಾಗಿಯೇ ಇತ್ತು. ನಾಲ್ಕನೆಯ ಮೊಳಕ್ಕೆ ಕುಡಿ ಸಣ್ಣದಾಯಿತು, ನೀಲಿಯಾಯಿತು. ಐದನೆಯ ಮೊಳಕ್ಕೆ ಯಾರೋ ಎರಡು ಬೆರಳಿನಿಂದ ಹೊಸಕಿದಂತೆ ಆರಿತು. ಗಾಳಿ ಬೀಸಿರಲಿಲ್ಲ. ಬುಡನಸಾಬ ಕೈಯಲ್ಲಿದ್ದ ಬ್ಯಾಟರಿ ಹಾಕಿದ. ಅದರ ಬೆಳಕು ಆರಿದ ಕಂದೀಲನ್ನು ದಾಟಿ ತಳದವರೆಗೆ ಸ್ವಚ್ಛ ಹೋಗುತ್ತಿತ್ತು.

"ಇನ್ನೊಮ್ಮೆ ಹಚ್ಚು" ಎಂದಳು ತಾಯಿ.

ಎರಡನೆಯ ಸಲವೂ ಅಲ್ಲೇ ಆರಿತು. ಮೂರನೆಯ ಸಲ ಬುಡನಸಾಬನೇ ಹಗ್ಗ ಹಿಡಿದಿದ್ದ. ಆಗಲೂ ಅಲ್ಲೇ ಆರಿತು. ಅವನು ಸೊಂಟದ ಹಗ್ಗವನ್ನು ಬಿಚ್ಚಿ ನೆಲದ ಮೇಲೆ ಕುಳಿತುಬಿಟ್ಟ. ಬ್ಯಾಟರಿ ಕೈಯಲ್ಲಿ ಉರಿಯುತ್ತಲೇ ಇತ್ತು. ಆರಿಸಬೇಕೆಂಬ ನೆನಪೂ ಅವನಿಗಿರಲಿಲ್ಲ.

"ಬೆಳಕಿಗೆ ಅಲ್ಲ ದೀಪಾ ಬಿಡೂದು" ಎಂದಳು ಬಿಬಿಜಾನ್. "ಉಸರಿಗೆ. ಅದಕ್ಕ ಉಸರ ಸಿಗಲಿಲ್ಲಂದ್ರ ಮನಷಾಗೂ ಸಿಗೂದಿಲ್ಲ. ನನಗೂ ಅವತ್ತ ತಿಳೀಲಿಲ್ಲ."

ಆಮೇಲೆ ಹೇಳಿದಳು. ಗುಡದಪ್ಪ ಎದ್ದು ಹೋಗಲು ನೋಡಿದರೆ ಅವನನ್ನೂ ಕೂಡಿಸಿ ಹೇಳಿದಳು.

ಆಗ ಅವಳಿಗೆ ಹತ್ತೊಂಬತ್ತು. ಗಂಡ, ಅತ್ತೆ ಹೊಲಕ್ಕೆ ಹೋಗಿದ್ದರು. ಬ್ಯಾಡಗಿಯಿಂದ ತವರಿನವರು ಸುದ್ದಿ ಕಳಿಸದೆ ಚಕ್ಕಡಿ ಕಟ್ಟಿಕೊಂಡು ಬಂದರು, ತಂದೆ, ಇಬ್ಬರು ಅಣ್ಣಂದಿರು, ಅತ್ತಿಗೆಯರು. ಮನೆಯಲ್ಲಿ ಹಿಟ್ಟು ಹಿಡಿಯಷ್ಟಿತ್ತು. ಹಗೇವಿನ ಬಾಯಿಯನ್ನು ಅದೇ ಮುಂಜಾನೆ ತೆರೆದಿದ್ದರು. ಒಂದು ದಿನ ಗಾಳಿಯಾಡಲಿ, ನಾಳೆ ದೀಪ ಬಿಟ್ಟು ನೋಡಿ ಇಳಿಯುವುದೆಂದು ಅತ್ತೆ ಹೇಳಿ ಹೋಗಿದ್ದಳು. ತವರಿನವರ ಮುಂದೆ ರೊಟ್ಟಿಯಿಲ್ಲದ ಮನೆ ಎನಿಸಿಕೊಳ್ಳುವುದು ಅವಳಿಗೆ ಆಗಲಿಲ್ಲ. ಮೈದುನನನ್ನು ಹಿಂದಕ್ಕೆ ಕರೆದು, ಒಂದು ಪುಟ್ಟಿ ಜೋಳ ತೆಗೆದುಕೊಡು ಎಂದಳು.

"ಹನೀಫ ಇಳಿಯೂದಕ್ಕ ತಯಾರಾದ. 'ಭಾಬಿ, ಒಂದ ದೀಪಾ ಕೊಡು' ಅಂದ. ಎರಡ ಸಲ ಕೇಳಿದ. ಮನ್ಯಾಗ ದೀಪಕ್ಕ ಎಣ್ಣಿ ಇರಲಿಲ್ಲ. ಓಣ್ಯಾಗ ಯಾರನ್ನರ ಕೇಳಬೇಕಂದ್ರ ಕಟ್ಟೀ ಮ್ಯಾಲೆ ನಮ್ಮಪ್ಪ, ಅಣ್ಣಗೋಳು ಕುಂತಾರ. ಜೋಳಾನೂ ಇಲ್ಲ, ಎಣ್ಣೀನೂ ಇಲ್ಲ, ಎಂಥಾ ಮನೀಗೆ ಕೊಟ್ಟೇವಿ ಅಂತಾರಲ್ಲ ಅಂತ ನನ್ನ ನಾಚಿಕಿ. ಸೂರ್ಯಾ ನೆತ್ತೀ ಮ್ಯಾಲಿದ್ದ. ಬಿಸಲ ನೆಟ್ಟಗ ತಳಕ್ಕ ಬಿದ್ದಿತ್ತು. ಜೋಳಾ ಒಂದೊಂದ ಕಾಳ ಕಾಣತಿತ್ತು. ನಾ ಅಂದೆ…" ಬಿಬಿಜಾನ್ ನಿಲ್ಲಿಸಿದಳು. ಮಗನ ಮುಖವನ್ನು ನೋಡಿದಳು. "ನಾ ಅಂದೆ, 'ಇಷ್ಟ ಬೆಳಕಿರಾಕ ದೀಪಾ ಯಾಕ?'"

ಬುಡನಸಾಬ ಕೈಯಲ್ಲಿ ಉರಿಯುತ್ತಿದ್ದ ಬ್ಯಾಟರಿಯನ್ನು ಆರಿಸಿದ.

"ನಕ್ಕ. 'ಖರೇ ನೋಡು' ಅಂದ. ಇಳದ."

ಆಮೇಲೆ ಅಂದಳು. "ಮಂದಿ ಎಲ್ಲಾ, ಹುಡುಗ ದುಡುಕಿದ, ದೀಪಾ ಇಲ್ಲದ ಇಳದ ಅಂದ್ರು. ಅತ್ತೀನೂ ಹಂಗ ಅಂದ್ಲು, ನಿಮ್ಮಪ್ಪನೂ ಹಂಗ ಅಂದ. ನಾ ಸುಮ್ಮಕ ಕುಂತೆ. ಸತ್ತಾವ ತಿರುಗಿ ಏನ ಹೇಳತಾನ? ಮೂವತ್ತಾರ ವರ್ಷ ಅವನ ತಪ್ಪ ಅಂತ ಬಿಟ್ಟೆ. ಗುಡದಪ್ಪಾ, ನೀ ಕೇಳಿದೆಲ್ಲ? ಓಣ್ಯಾಗ ಯಾರರ ಹನೀಫನ ಸುದ್ದಿ ತಗದ್ರ ಹೇಳು. ಅವ ದುಡುಕಲಿಲ್ಲ. ಅವ ದೀಪಾ ಕೇಳಿದ್ದ."

ಗುಡದಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು, "ಹೇಳತೇನ್ರಿ ಅಮ್ಮಾ" ಎಂದ.

ಬುಡನಸಾಬ ತಾಯಿಯ ಕಡೆ ತಿರುಗಿದ. "ನನಗರ ಒಂದ ಮಾತ ಹೇಳಬೇಕಿತ್ತಲ್ಲಬೇ. ಇಲ್ಲೇ ಐತಿ ಅಂತ."

"ಹೇಳಿದ್ರ ನೀ ಮರುದಿನಾನ ತಗದ ನೋಡತಿದ್ದಿ. ನನಗ ನಿನ್ನ ಸ್ವಭಾವ ಗೊತ್ತಿಲ್ಲೇನು?"

ಅದು ನಿಜವೇ ಆಗಿತ್ತು. ಅವನು ತಲೆ ತಗ್ಗಿಸಿದ. ಅಂದು ಕೆಲಸ ಅಷ್ಟಕ್ಕೇ ನಿಂತಿತು. ಬಾಯಿಗೆ ಅಡ್ಡ ಹಲಗೆ ಇಟ್ಟು, ಸುತ್ತ ಹೊರಸು, ಜೋಳದ ಚೀಲ ಇಟ್ಟು ಯಾರೂ ಬಳಿ ಹೋಗದಂತೆ ಮಾಡಿದರು. ಬಿಬಿಜಾನ್ ಆ ದಿನ ಮೊದಲ ಸಲ ಬೇರೆ ಕಡೆ, ಬೆಳಕಿಂಡಿಯ ಕೆಳಗೆ ಚಾಪೆಯ ಮೇಲೆ ಮಲಗಿದಳು.

ಮುಂದಿನ ವಾರವಿಡೀ ಸಂಜೆಯ ಬಸ್ಸಿಳಿದ ಕೂಡಲೇ ಬುಡನಸಾಬನಿಗೆ ಒಂದೇ ಕೆಲಸ. ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುವುದು, ಆಮೇಲೆ ಕಂದೀಲು ಬಿಡುವುದು. ಗುಡದಪ್ಪ ಕರೆಯದೆಯೂ ಬರುತ್ತಿದ್ದ. ಮಂಗಳವಾರ ದೀಪ ಏಳನೆಯ ಮೊಳದವರೆಗೆ ಹೋಯಿತು. ಗುರುವಾರ ತಳ ಮುಟ್ಟಿ, ಸ್ವಲ್ಪ ಹೊತ್ತು ಇದ್ದು, ಆರಿತು. ಶನಿವಾರ ತಳದಲ್ಲಿ ಕುಳಿತು ಉರಿಯಿತು. ಬಿಬಿಜಾನ್ ಅಂಚಿಗೆ ಕೂತು ಒಂದು ಕೌದಿಯ ಸಾಲು ಹೊಲಿದು ಮುಗಿಸುವವರೆಗೆ ಕಾದಳು. ಆಗಲೂ ಉರಿಯುತ್ತಿತ್ತು.

ರವಿವಾರ ಬುಡನಸಾಬ ತಾಯಿಯ ಮುಂದೆ ಬಂದು ಕುಳಿತ.

"ತುಂಬಿಸೂದಂದ್ರ ಕೆಳಗಿನ ಕೊಳತ ಜೋಳಾ ತಗೀಬೇಕಮ್ಮಾ. ಇಲ್ಲಂದ್ರ ಮತ್ತ ಕುಸೀತೈತಿ. ಯಾರರ ಇಳೀಬೇಕು." ತಡೆದು ಕೇಳಿದ, "ನೀ ಬ್ಯಾಡಂದ್ರ ಹಂಗ ಕಲ್ಲ ಮುಚ್ಚತೇನಿ. ಹೊರಸ ಹಾಕ್ಕೊ. ಇನ್ನ ಮ್ಯಾಲೆ ಕೇಳೂದಿಲ್ಲ."

ಕುಲ್ಸುಮಬಿ ಬಾಗಿಲ ಮರೆಯಿಂದ, ಅತ್ತೆ ಬೇಡ ಎನ್ನಲಿ ಎಂದು ಬೇಡಿಕೊಳ್ಳುತ್ತಿದ್ದಳು.

"ಕಂದೀಲ ನಾ ಹಿಡೀತೇನಿ" ಎಂದಳು ಬಿಬಿಜಾನ್. "ನೀ ಇಳಿ. ದೀಪಾ ಸಣ್ಣಾದ್ರ ನಾ ಬಾ ಅಂತೇನಿ. ಅಂದ ಕೂಡ್ಲೆ ಬರಬೇಕು. ಒಂದ ಕಾಳ ಸುದ್ದಾ ಹಿಡ್ಕೊಂಡ ನಿಂದ್ರಬಾರದು."

ಗುಡದಪ್ಪ ಸೊಂಟದ ಹಗ್ಗ ಹಿಡಿದ. ಬಿಬಿಜಾನ್ ಕಂದೀಲಿನ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಮಗ ಇಳಿದಂತೆಲ್ಲ ದೀಪವೂ ಅವನ ಮೊಣಕಾಲಿನ ಸಮಕ್ಕೆ ಇಳಿಯಿತು. ಅವಳು ಮಗನನ್ನು ನೋಡಲಿಲ್ಲ. ಕುಡಿಯನ್ನೇ ನೋಡುತ್ತಿದ್ದಳು. ಒಂದೊಂದು ಪುಟ್ಟಿ ಮೇಲೆ ಬಂದಾಗಲೂ, "ಸಾಕು, ಬಾ, ಕೂತ ಹೋಗು" ಎಂದು ಮೇಲೆ ಕರೆದು, ಉಸಿರು ಬಿಡಿಸಿ, ಮತ್ತೆ ಇಳಿಸುತ್ತಿದ್ದಳು. ಜೋಳ ಒಲೆಯ ಮಸಿಯಂತೆ ಕರ್ರಗಾಗಿತ್ತು. ಅದರೊಳಗೆ ಒಂದು ಹಳೆಯ ಬಿದಿರಿನ ಪುಟ್ಟಿ ಬೋರಲಾಗಿ ಬಿದ್ದಿತ್ತು. ಬುಡನಸಾಬ ಎತ್ತಲು ಹೋದರೆ ಕೈಯಲ್ಲೇ ಪುಡಿಯಾಯಿತು. ಆ ಪುಡಿಯನ್ನೂ ಅಂಗಿಯ ಚುಂಗಿನಲ್ಲಿ ಕಟ್ಟಿಕೊಂಡು ಬಂದ. ಬಿಬಿಜಾನ್ ಅದನ್ನು ಅಂಗೈಯಲ್ಲಿ ತೆಗೆದುಕೊಂಡು, ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮರುದಿನ ಖಬರಸ್ತಾನದ ಹನೀಫನ ಗೋರಿಯ ಮೇಲೆ ಅದು ಇತ್ತು.

ನೀರಿನ ಟಾಕಿಯ ಮಾತನ್ನು ಬುಡನಸಾಬ ಮತ್ತೆ ತೆಗೆಯಲಿಲ್ಲ. ಮೂರು ಚಕ್ಕಡಿ ಗರಸು ಹಿಡಿಯಿತು. ಮೊದಲ ಪುಟ್ಟಿ ಬಿಬಿಜಾನಳೇ ಹಾಕಿದಳು. ಗುಡದಪ್ಪ ಥಾಪಿ ಹಿಡಿದು ಹೊಸ್ತಿಲು ದಾಟಿ ಬಂದ. ಇಪ್ಪತ್ತು ವರ್ಷಕ್ಕೆ ಮೊದಲ ಸಲ.

"ಕೂಲಿ ಎಷ್ಟೋ?" ಎಂದ ಬುಡನಸಾಬ.

"ನಿನ್ನ ಸೊಕ್ಕ ಮುರದಿದ್ದ ನನ್ನ ಕೂಲಿ. ಕಲ್ಲ ಹಿಡಿ, ಸೊಟ್ಟ ಹಾಕಬ್ಯಾಡ."

ಮುಂದಿನ ಮಳೆಗಾಲದಲ್ಲಿ ನೆಲ ಕುಸಿಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗೂಟಕ್ಕೆ ತೂಗುಬಿದ್ದ ಕಂದೀಲಿನಲ್ಲಿ ಬುಡನಸಾಬ ಯಾವಾಗಲೂ ಎಣ್ಣೆ ಇರುವಂತೆ ನೋಡಿಕೊಂಡ. ಊರಲ್ಲಿ ಯಾರಾದರೂ ಹಳೆಯ ಹಗೇವೋ ಬತ್ತಿದ ಬಾವಿಯೋ ತೆರೆಯುತ್ತಾರೆಂದು ಕೇಳಿದರೆ ಅದನ್ನು ಹಿಡಿದು ಕರೆಯದೆಯೂ ಹೋಗುತ್ತಿದ್ದ. ನಗುವವರು ನಗುತ್ತಿದ್ದರು. ಅವನು ದೀಪ ಇಳಿಸಿ, ನೋಡಿ, ಆಮೇಲೇ ಮನೆಗೆ ಬರುತ್ತಿದ್ದ.

ಬಿಬಿಜಾನಳ ಹೊರಸು ಬೆಳಕಿಂಡಿಯ ಕೆಳಗೇ ಉಳಿಯಿತು. ಮಳೆ ಬಂದರೆ ಮಲಗಿದಲ್ಲಿಂದಲೇ ಚೈನು ಎಳೆಯುತ್ತಿದ್ದಳು. ಮೂಲೆ ಮಾತ್ರ ಖಾಲಿ ಇತ್ತು. ಮನೆಯವರೆಲ್ಲ ರೂಢಿಯಿಂದ ಅದನ್ನು ಸುತ್ತಿಯೇ ಹಾಯುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಸೈದಾಬಿ ಪುಸ್ತಕ ಹಿಡಿದು ಚಾಪೆ ಹಾಸಲು ಜಾಗ ಹುಡುಕುತ್ತಿದ್ದಳು. ಪರೀಕ್ಷೆ ಹತ್ತಿರವಿತ್ತು. ಅಡಿಗೆಮನೆಯಲ್ಲಿ ಹೊಗೆ, ಕಟ್ಟೆಯ ಮೇಲೆ ಬಿಸಿಲು. ಮೂಲೆಯವರೆಗೆ ಹೋದವಳು ನೆನಪಾಗಿ ಹಿಂದಕ್ಕೆ ಸರಿದಳು. ಅಜ್ಜಿಯ 'ಏಳು ಅಲ್ಲಿಂದ' ಎಂಬ ಮಾತಿಗೆ ಕಾದಂತೆ ನಿಂತಳು.

ಬಿಬಿಜಾನ್ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲಿ ತಂಪ ಇರತೈತಿ" ಎಂದಳು. "ಹಾಸ್ಕೊ. ಓದಿ ಸಾಕಾದ್ರ ಅಲ್ಲೇ ಮಲಗು."